ಬಂಡಿಯೊಳಗಿನ ಮನೆ

ಸ್ಥಾವರ, ಜಂಗಮ ಎಂಬ ಎರಡು ಮಾತುಗಳು ನಮ್ಮ ಮನೆಗಳಲ್ಲಿ ಎಷ್ಟು ಬಳಕೆಯಾಗಿವೆಯೆಂದರೆ, ಅವುಗಳ ಅರ್ಥವನ್ನು ನಿಂತು ಯೋಚಿಸುವ ರೂಢಿಯೇ ತಪ್ಪಿಹೋಗಿದೆ. ನಿಂತದ್ದು ಸ್ಥಾವರ, ನಡೆಯುವುದು ಜಂಗಮ. ಹನ್ನೆರಡನೆಯ ಶತಮಾನದ ಶರಣರು ದೇವರನ್ನು ಗರ್ಭಗುಡಿಯಿಂದ ಹೊರತಂದು ಭಕ್ತನ ಅಂಗೈಯಲ್ಲಿರಿಸಿದರು. ಆ ದೇವರು ಭಕ್ತನೊಡನೆ ಹೊಲಕ್ಕೆ ಹೋಗುತ್ತಾನೆ, ಸಂತೆಗೆ ಹೋಗುತ್ತಾನೆ, ಪರದೇಶಕ್ಕೂ ಹೋಗುತ್ತಾನೆ. ದೇವರು ಹೀಗೆ ನಡೆಯತೊಡಗಿದರೂ ಭಕ್ತನ ಮನೆ ಮಾತ್ರ ನಿಂತಲ್ಲಿಯೇ ನಿಂತಿತು. ನಿಂತ ಮನೆಯೊಳಗೆ ವಸ್ತುಗಳು ತುಂಬಿದವು. ಅಟ್ಟದ ಮೇಲೆ ಅಟ್ಟ, ಪೆಟ್ಟಿಗೆಯ ಮೇಲೆ ಪೆಟ್ಟಿಗೆ. ಆ ಮನೆಯೂ ಗಾಲಿಯ ಮೇಲೆ ನಡೆಯತೊಡಗಿದರೆ ಅದರಲ್ಲಿ ಏನು ಉಳಿದೀತು, ಏನು ಇಳಿದೀತು? ಈ ಪ್ರಶ್ನೆಯನ್ನು ನನ್ನೆದುರಿಗಿಟ್ಟವರು ಪೋತ್ನಾಳದ ಕಡೆಯ ಒಬ್ಬ ದಂಪತಿಗಳು.

ಕಳೆದ ತಿಂಗಳು ಹುಣ್ಣಿಮೆಯ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಪಂಕ್ತಿ ಕೂಡುವ ಹೊತ್ತಿಗೆ ಇವರು ಬಂದು ಶರಣಾರ್ಥಿ ಹೇಳಿದರು. ಮಾನ್ವಿಯಿಂದ ಸಿಂಧನೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಇವರ ಊರು. ಯಜಮಾನರಿಗೆ ಅರವತ್ತಮೂರು ವರ್ಷ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಒಕ್ಕಲುತನ. ತಾಯಿಯವರದು ಮನೆವಾಳ್ತನ, ಎಂಟು ಜನರ ಅಡುಗೆಯಿಂದ ಆರಂಭವಾದ ಸಂಸಾರ ಇಂದು ಇಬ್ಬರಿಗಿಳಿದಿದೆ. ಒಬ್ಬನೇ ಮಗ ನ್ಯೂಜಿಲೆಂಡ್ ದೇಶದ ಕ್ರೈಸ್ಟ್‌ಚರ್ಚ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ವರ್ಷ ಮುಂಗಾರಿನ ಭತ್ತ ಒಕ್ಕಿ ಮುಗಿದ ಬಳಿಕ ಇಬ್ಬರೂ ಅಲ್ಲಿಗೆ ಹೋಗಿ ಎರಡು ತಿಂಗಳಿದ್ದು ಬಂದರು. ಅದರಲ್ಲಿ ಹನ್ನೆರಡು ದಿನ ಅವರು ಕಳೆದದ್ದು ಗಾಲಿಯ ಮೇಲಿನ ಒಂದು ಮನೆಯಲ್ಲಿ. ಹೆಸರು ಬರೆಯಬಾರದೆಂಬ ಅವರ ಮಾತಿಗೆ ಒಪ್ಪಿ, ಅವರು ಹೇಳಿದ ವೃತ್ತಾಂತವನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಕ್ಯಾಂಪರ್ ವ್ಯಾನ್ ಎಂದು ಕರೆಯಲಾಗುವ ಆ ವಾಹನ ಹೊರಗಿನಿಂದ ನೋಡಲು ನಮ್ಮ ಕಡೆಯ ಟೆಂಪೋದಂತಿರುತ್ತದೆ. ಒಳಗೆ ಮಡಚಿದರೆ ಮೇಜು, ಬಿಚ್ಚಿದರೆ ಹಾಸಿಗೆ. ಎರಡು ಉರಿಯ ಒಲೆ. ಅಂಗೈಯಗಲದ ತೊಳೆಯುವ ತೊಟ್ಟಿ. ನೆಲದಡಿಯಲ್ಲಿ ಒಳ್ಳೆಯ ನೀರಿಗೊಂದು, ಬಳಸಿದ ನೀರಿಗೊಂದು ಹೀಗೆ ಎರಡು ತೊಟ್ಟಿಗಳು. ಒಂದು ಮೂಲೆಯಲ್ಲಿ ಪುಟ್ಟ ಶೌಚಾಲಯ. ವಿಹಾರಕ್ಕೆಂದೇ ಇಂಥ ಬಂಡಿಯನ್ನು ಮೊದಲು ಕಟ್ಟಿಸಿದವನೆಂದು ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು ಹೆಸರಿಸುತ್ತಾರೆ. 1885ರಲ್ಲಿ ಅವನು ಎರಡು ಕುದುರೆಗಳು ಎಳೆಯುವ ‘ವಾಂಡರರ್’ ಎಂಬ ಬಂಡಿಯಲ್ಲಿ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಸಂಚರಿಸಿದನು.

ಆದರೆ ನಮ್ಮ ಭಾಗದ ಹಿರಿಯರಿಗೆ ಇದನ್ನು ಯಾರೂ ವಿಲಾಯಿತಿಯಿಂದ ತಂದು ತೋರಿಸಬೇಕಾಗಿರಲಿಲ್ಲ. ಯುಗಾದಿಗೆ ಶ್ರೀಶೈಲಕ್ಕೆ ಹೊರಡುವ ಕಮಾನು ಬಂಡಿಗಳನ್ನು ಕಂಡವರು ಇಂದಿಗೂ ಇದ್ದಾರೆ. ಮೇಲೆ ಬಾಗಿಸಿ ಕಟ್ಟಿದ ತಟ್ಟಿಯ ಮಾಳಿಗೆ, ಒಳಗೆ ಹುಲ್ಲಿನ ಹಾಸು, ಅದರ ಮೇಲೆ ಕೌದಿ, ಬುತ್ತಿಯ ಗಂಟು. ಬಂಡಿಯ ಅಡಿಯಲ್ಲಿ ತೂಗುವ ಕೊಡ ಮತ್ತು ಕಂದೀಲು. ಸಂಜೆಯಾದಲ್ಲಿ ಎತ್ತು ಬಿಟ್ಟು, ಮೂರು ಕಲ್ಲು ಹೂಡಿದರೆ ಅದೇ ಮನೆ. ಈ ತಾಯಿ ಮದುವೆಯಾಗಿ ಬಂದ ವರ್ಷವೇ ಅತ್ತೆಯವರು ಇಂಥ ಬಂಡಿಯ ಕಥೆ ಹೇಳಿ, “ನಿನ್ನನ್ನೂ ಒಮ್ಮೆ ಕರೆದೊಯ್ಯುತ್ತಾನೆ” ಎಂದಿದ್ದರಂತೆ. ಒಂದು ವರ್ಷ ಎತ್ತಿಗೆ ಬೇನೆ, ಇನ್ನೊಂದು ವರ್ಷ ಕಾಲುವೆಗೆ ನೀರು ಬಿಡುವ ಹೊತ್ತು, ಮತ್ತೊಂದು ವರ್ಷ ಸಾಲ. ಮೂವತ್ತೆಂಟು ವರ್ಷ ಸಂದವು. ಬಂಡಿಯೂ ಹೋಯಿತು, ಎತ್ತುಗಳೂ ಹೋದವು. ಶ್ರೀಶೈಲಕ್ಕೆ ಅವರು ಬಸ್ಸಿನಲ್ಲಿ ಹೋಗಿ ಅದೇ ರಾತ್ರಿ ಮರಳಿದ್ದುಂಟು. ಆ ಹಾದಿಯನ್ನು ನೋಡಿರಲಿಲ್ಲ.

ಕ್ರೈಸ್ಟ್‌ಚರ್ಚಿನಲ್ಲಿ ಮಗ ಬಂಡಿಯನ್ನು ಬಾಡಿಗೆಗೆ ಗೊತ್ತುಮಾಡಿದ್ದು ತಾನೂ ಜೊತೆಗೆ ಹೋಗಬೇಕೆಂದೇ. ಹೊರಡುವ ಎರಡು ದಿನ ಮೊದಲು ಅವನಿಗೆ ರಜೆ ತಪ್ಪಿತು. ಕೊಟ್ಟ ಹಣ ಮರಳಿ ಬರುವಂತಿರಲಿಲ್ಲ. ತಂದೆ ನಲವತ್ತು ವರ್ಷ ಟ್ರ್ಯಾಕ್ಟರು, ಜೀಪು ನಡೆಸಿದವರು. ಆ ದೇಶದಲ್ಲಿಯೂ ನಮ್ಮಂತೆಯೇ ರಸ್ತೆಯ ಎಡಬದಿಯ ಸಂಚಾರ. ಊರಿನಿಂದ ಹೊರಡುವಾಗಲೇ ಮಗನ ಒತ್ತಾಯದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮಾಡಿಸಿಕೊಂಡಿದ್ದರು. “ಇಬ್ಬರೇ ಹೋಗಿಬನ್ನಿ” ಎಂದನಂತೆ ಮಗ. ತಂದೆ ಅನುಮಾನಿಸಿದರು. ತಾಯಿ ಮಾತ್ರ ಜೋಳದ ಕಟಕರೊಟ್ಟಿ, ಶೇಂಗಾ ಹಿಂಡಿ, ಅಕ್ಕಿ, ಬೇಳೆಗಳನ್ನು ಡಬ್ಬಿಗೆ ತುಂಬತೊಡಗಿದರು. ವಿಮಾನ ನಿಲ್ದಾಣದಲ್ಲಿ ಪ್ರತಿಯೊಂದು ತಿನಿಸನ್ನೂ ಬರೆದುಕೊಟ್ಟು, ಅಧಿಕಾರಿಗಳು ಬಿಚ್ಚಿ ನೋಡಿ ಒಪ್ಪಿದ ಡಬ್ಬಿಗಳವು. ಪರದೇಶದ ಹುಳು, ಬೀಜ, ರೋಗ ತಮ್ಮ ನೆಲಕ್ಕೆ ಬಾರದಿರಲೆಂದು ಆ ದ್ವೀಪದವರು ವಹಿಸುವ ಎಚ್ಚರ ಅಷ್ಟು ಕಠಿಣವಾದುದು.

ಮೊದಲ ಪಾಠ ಬಂಡಿಯನ್ನು ಹತ್ತಿದೊಡನೆಯೇ ದೊರೆಯಿತು. ಮನೆಯಲ್ಲಿ ಜೀಪು ಹೊರಟರೆ ಮುಂದಿನ ಆಸನ ಯಜಮಾನರದು, ಪಕ್ಕದ್ದು ಯಾರಾದರೂ ಗಂಡಸರದು. ಹಿಂದೆ ಹೆಣ್ಣುಮಕ್ಕಳು, ಮಕ್ಕಳು, ಗಂಟುಮೂಟೆ. ಈ ಬಂಡಿಯಲ್ಲಿ ಮುಂದೆ ಎರಡೇ ಆಸನ, ಇರುವವರೂ ಇಬ್ಬರೇ. “ಮೂವತ್ತೆಂಟು ವರ್ಷದಾಗ ರಸ್ತೆಯನ್ನ ಮುಂದಿನಿಂದ ನೋಡಿದ್ದು ಅದೇ ಮೊದಲರೀ” ಎಂದರು ತಾಯಿ. ಅಷ್ಟೇ ಅಲ್ಲದೆ ಹಾದಿ ಹೇಳುವ ಕೆಲಸವೂ ಅವರ ಪಾಲಿಗೆ ಬಂತು. ಮಗ ಒಂದು ನೋಟುಪುಸ್ತಕದಲ್ಲಿ ಊರುಗಳ ಹೆಸರು, ತಿರುವು, ನೀರು ತುಂಬುವ ಸ್ಥಳ, ಹೊಲಸು ಸುರಿಯುವ ಸ್ಥಳ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಟ್ಟಿದ್ದನು. ಎಂದೂ ಹೆಂಡತಿಯನ್ನು ದಾರಿ ಕೇಳದ ಯಜಮಾನರು ಹನ್ನೆರಡು ದಿನ ಪ್ರತಿ ಕೂಡುರಸ್ತೆಯಲ್ಲಿ “ಯಾವ ಕಡೆಗೆ?” ಎಂದು ಕೇಳಬೇಕಾಯಿತು.

ಕ್ರೈಸ್ಟ್‌ಚರ್ಚಿನಿಂದ ಪಶ್ಚಿಮಕ್ಕೆ ಸುಮಾರು 230 ಕಿಲೋಮೀಟರ್ ದೂರದಲ್ಲಿ ಟೆಕಾಪೊ ಎಂಬ ಸರೋವರವಿದೆ. ಅದರ ದಂಡೆಯಲ್ಲಿ 1935ರಲ್ಲಿ ಕಟ್ಟಿದ ಕಲ್ಲಿನ ಸಣ್ಣ ಚರ್ಚು. ನೀರಿನ ಬಣ್ಣ ಹಾಲಿಗೆ ನೀಲಿ ಬೆರೆಸಿದಂತೆ. ಹಿಮನದಿಗಳು ಬೆಟ್ಟದಿಂದ ಜಾರುವಾಗ ತಳದ ಬಂಡೆಯನ್ನು ಅರೆಯುತ್ತವೆ. ಆ ನುಣ್ಣನೆಯ ಕಲ್ಲಿನ ಪುಡಿ ನೀರಿನಲ್ಲಿ ತೇಲಿಕೊಂಡೇ ಇದ್ದು ಬೆಳಕನ್ನು ಚೆದುರಿಸುವುದರಿಂದ ಈ ಬಣ್ಣ. ಮಗ ಫೋನಿನಲ್ಲಿ ಇದನ್ನು ತಿಳಿಸಿದಾಗ ತಾಯಿ, “ಬೀಸುಕಲ್ಲಿನ ಹಿಟ್ಟೇ ಹೌದು, ಬೀಸುವಾತ ಬೇರೆ” ಎಂದರಂತೆ.

ಅಲ್ಲಿ ಆ ತಿಂಗಳು ಬೇಸಿಗೆ. ರಾತ್ರಿ ಒಂಬತ್ತಾದರೂ ಹಗಲು ಹರಿಯದು. ಪೂರ್ಣ ಕತ್ತಲಾದ ಮೇಲೆ ಇಬ್ಬರೂ ಬಂಡಿಯಿಂದಿಳಿದು ಆಕಾಶವನ್ನು ನೋಡಿದರು. ಟೆಕಾಪೊದಿಂದ ಔರಾಕಿ ಪರ್ವತದವರೆಗಿನ 4,300 ಚದರ ಕಿಲೋಮೀಟರಿಗೂ ಮಿಕ್ಕಿದ ಪ್ರದೇಶವನ್ನು 2012ರಲ್ಲಿ ಕತ್ತಲೆಯ ಆಕಾಶದ ರಕ್ಷಿತ ವಲಯವೆಂದು ಸಾರಲಾಗಿದೆ. ಬೀದಿದೀಪಗಳಿಗೆ ಮುಚ್ಚಳವಿದ್ದು ಬೆಳಕು ನೆಲಕ್ಕೆ ಮಾತ್ರ ಬೀಳುತ್ತದೆ. ಒಕ್ಕಲಿಗನಿಗೆ ಮಳೆನಕ್ಷತ್ರಗಳ ಪರಿಚಯವಿರುವುದು ಸಹಜ. ಯಜಮಾನರು ಮೃಗಶಿರವನ್ನು ಹುಡುಕಿದರು. ಅದು ಸಿಕ್ಕಿತು, ಆದರೆ ತಲೆಕೆಳಗಾಗಿ. ಭೂಮಿಯ ಆ ಮಗ್ಗುಲಿನಿಂದ ನೋಡಿದರೆ ನಮ್ಮ ಉತ್ತರ ಅವರಿಗೆ ಕೆಳಗು. ನಮ್ಮ ಊರಿನಲ್ಲಿ ದಕ್ಷಿಣ ದಿಗಂತಕ್ಕೆ ತಾಗಿಕೊಂಡಂತೆ ಸ್ವಲ್ಪ ಹೊತ್ತು ಕಾಣುವ ತ್ರಿಶಂಕು ಅಲ್ಲಿ ಮುಳುಗುವುದೇ ಇಲ್ಲ. “ನಾವು ಯಾವುದನ್ನು ಮೇಲು ಎಂದುಕೊಂಡಿದ್ದೆವೋ ಅದು ನಿಂತ ಜಾಗದ ಮಾತು” ಎಂದು ಯಜಮಾನರು ನನ್ನೆದುರು ಹೇಳಿದರು. ಈ ಮಾತಿನ ಪೂರ್ಣ ಅರ್ಥ ಅವರಿಗೂ ಆದದ್ದು ಮುಂದೆ ಎರಡು ದಿನಗಳ ಬಳಿಕ.

ಬೆಳಗಿನ ಇಷ್ಟಲಿಂಗ ಪೂಜೆ ಆ ಬಂಡಿಯಲ್ಲಿ ಹೇಗೆ ನಡೆಯಿತೆಂದು ಕೇಳಿದೆ. ಮೇಜನ್ನು ಬಿಚ್ಚಿ, ಕಿಟಕಿಯ ಕಡೆಗೆ ಮುಖಮಾಡಿ, ಎದುರುಬದುರು ಕುಳಿತು ಪೂಜೆ. ಮನೆಯಲ್ಲಿ ಯಜಮಾನರು ನಸುಕಿನಲ್ಲಿ ಮುಗಿಸಿ ಹೊಲಕ್ಕೆ ಹೋಗುವವರು, ತಾಯಿಯದು ಒಲೆಯ ಕೆಲಸ ಮುಗಿದ ಮೇಲೆ. ದೀಕ್ಷೆಯಾದಂದಿನಿಂದ ಒಂದೇ ಹೊತ್ತಿನಲ್ಲಿ ಕುಳಿತದ್ದೇ ಅಪರೂಪ. ಇಲ್ಲಿ ಬೇರೆ ಕೋಣೆಯೇ ಇರಲಿಲ್ಲ. ಮಜ್ಜನಕ್ಕೆ ಎರಡು ಉದ್ಧರಣೆ ನೀರು, ಅದನ್ನೂ ಪಾದೋದಕವಾಗಿ ಸ್ವೀಕರಿಸಿದ ಮೇಲೆ ಚೆಲ್ಲುವ ಮಾತೆಲ್ಲಿ? ನಮ್ಮ ಪೂಜೆಗೆ ಸ್ಥಳ, ನೀರು, ಸಾಮಗ್ರಿ ಎಷ್ಟು ಕಡಿಮೆ ಸಾಕೆಂಬುದನ್ನು ಮನೆಯ ದೊಡ್ಡ ದೇವರಕೋಣೆ ಮರೆಸಿತ್ತು ಎಂದು ತಾಯಿ ಹೇಳಿದಾಗ, ಅಂಥದೇ ಕೋಣೆಯುಳ್ಳ ನಾನು ಉತ್ತರ ಕೊಡದೆ ಸುಮ್ಮನಾದೆ.

ಟೆಕಾಪೊದಿಂದ ಮುಂದೆ ಹೋಗುವಾಗ ರಸ್ತೆಯ ಬದಿಗೆ ಒಂದು ಕಾಲುವೆ ಕಂಡಿತು. ಯಜಮಾನರು ಬಂಡಿಯನ್ನು ನಿಲ್ಲಿಸಿಯೇ ಬಿಟ್ಟರು. ಪರ್ವತ, ಸರೋವರಗಳನ್ನು ನೋಡಿ ತಲೆಯಾಡಿಸಿದ ಮನುಷ್ಯ ಕಾಲುವೆಯ ಏರಿಯ ಮೇಲೆ ಅರ್ಧ ಗಂಟೆ ನಿಂತರು. ಟೆಕಾಪೊ ಸರೋವರದ ನೀರನ್ನು ಸುಮಾರು 26 ಕಿಲೋಮೀಟರ್ ಹರಿಸಿ ಪುಕಾಕಿ ಸರೋವರದ ಬಳಿಯ ವಿದ್ಯುತ್ ಕೇಂದ್ರಕ್ಕೆ ಒಯ್ಯುವ ಕಾಲುವೆ ಅದು. ನಮ್ಮ ಎಡದಂಡೆ ಕಾಲುವೆ ಹೊಸಪೇಟೆಯ ಅಣೆಕಟ್ಟಿನಿಂದ 227 ಕಿಲೋಮೀಟರ್ ಹರಿದು ಬರುತ್ತದೆ. 1953ರಲ್ಲಿ ಅಣೆಕಟ್ಟಿನ ನೀರು ಹರಿಯತೊಡಗಿದಾಗ ನಮ್ಮ ಸೀಮೆಯ ಬರ ಹಿಂಗಿತೆಂದು ಹಿರಿಯರು ಹಿಗ್ಗಿದ್ದರು. ಯೋಜನೆಯಲ್ಲಿ ಹೆಚ್ಚಿನ ಭೂಮಿಗೆ ಗೊತ್ತುಮಾಡಿದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ. ಮೇಲಿನ ಭಾಗದಲ್ಲಿ ಭತ್ತ ಹಬ್ಬಿತು. ಭತ್ತಕ್ಕೆ ನಿಂತ ನೀರು ಬೇಕು. ಕಾಲುವೆಯ ತುದಿಗೆ ಬರುವ ಹೊತ್ತಿಗೆ ನೀರು ಸೊರಗಿ, ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆಯ ಭಾಗದ ರೈತರು ವರ್ಷವರ್ಷವೂ ರಸ್ತೆಗಿಳಿಯುವಂತಾಯಿತು. ಇದು ನಮ್ಮ ಓದುಗರಿಗೆ ನಾನು ಹೇಳಬೇಕಾದ ಸಂಗತಿಯಲ್ಲ. ಯಜಮಾನರೂ ಇಂಥ ಧರಣಿಗಳಲ್ಲಿ ಕುಳಿತವರು, ಮೇಲಿನವರನ್ನು ಬಾಯಿತುಂಬ ಬೈದವರು. ಆ ಪರದೇಶದ ಕಾಲುವೆಯ ದಂಡೆಯಲ್ಲಿ ನಿಂತು ಅವರು ಮತ್ತೊಮ್ಮೆ ಬೈದರಂತೆ.

ಆ ದಿನ ಅವರು ಪುಕಾಕಿ ಸರೋವರದ ದಂಡೆಯಲ್ಲಿ ತಂಗಿದರು. ನೀರಿನಾಚೆಗೆ 3,724 ಮೀಟರ್ ಎತ್ತರದ ಔರಾಕಿ ಪರ್ವತ, ಅದಕ್ಕೆ ಮೌಂಟ್ ಕುಕ್ ಎಂಬ ಹೆಸರೂ ಉಂಟು. ತೇನಸಿಂಗ್ ನೋರ್ಗೆಯವರೊಡನೆ 1953ರಲ್ಲಿ ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿಯವರು 1948ರಲ್ಲಿ ಇದನ್ನು ಏರಿದ್ದರು. ಆ ಸೀಮೆಯ ಮೂಲನಿವಾಸಿಗಳಾದ ಮಾವೊರಿ ಜನರ ನಾಯ್ ತಾಹು ಪಂಗಡಕ್ಕೆ ಈ ಪರ್ವತವೇ ಪೂರ್ವಜ. 1998ರ ಒಂದು ಕಾನೂನಿನಿಂದ ಅವರ ಹೆಸರು ಪರ್ವತಕ್ಕೆ ಅಧಿಕೃತವಾಗಿ ಮರಳಿ ಸೇರಿತು. ಏರುವವರು ತುತ್ತತುದಿಯ ಮೇಲೆ ಕಾಲಿಡದಿರಲೆಂಬುದು ಅವರ ಕೋರಿಕೆ. ಬೆಟ್ಟವನ್ನು ಪೂಜಿಸುವುದು ನಮ್ಮ ತತ್ತ್ವವಲ್ಲ. ಆದರೆ ನೆತ್ತಿಯ ಮೇಲೆ ಕಾಲಿಡಬಾರದೆಂಬ ವಿನಯ ಯಾರದಾದರೂ ನಾವು ಅದಕ್ಕೆ ಶರಣೆನ್ನಬೇಕು.

ಈ ದೇಶದಲ್ಲಿ ಬಯಲಿನಲ್ಲಿ ಬಂಡಿ ನಿಲ್ಲಿಸಿ ತಂಗುವುದಕ್ಕೆ 2011ರಿಂದ ಒಂದು ಕಾನೂನಿದೆ. 2023ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿ, ಬಂಡಿಗೆ ಸ್ಥಿರವಾಗಿ ಜೋಡಿಸಿದ ಶೌಚಾಲಯ ಇರಲೇಬೇಕೆಂದು ವಿಧಿಸಲಾಗಿದೆ. ಸ್ವಾವಲಂಬಿ ಬಂಡಿ ಎಂಬ ಮುದ್ರೆ ಬೇಕಾದರೆ ಒಬ್ಬರಿಗೆ ದಿನಕ್ಕೆ 4 ಲೀಟರಿನಂತೆ ಮೂರು ದಿನಗಳಿಗೆ ಕನಿಷ್ಠ 12 ಲೀಟರ್ ಒಳ್ಳೆಯ ನೀರನ್ನು ಹೊರಬೇಕು. ಅಷ್ಟೇ ಪ್ರಮಾಣದ ಬಳಸಿದ ನೀರನ್ನು ಹಿಡಿದಿಟ್ಟುಕೊಳ್ಳಲು ಇನ್ನೊಂದು ತೊಟ್ಟಿಯೂ ಇರಬೇಕು. ಪಾತ್ರೆ ತೊಳೆದ ನೀರನ್ನೂ ನೆಲಕ್ಕೆ ಬಿಡುವಂತಿಲ್ಲ. ಊರುಗಳಲ್ಲಿ ಗೊತ್ತುಮಾಡಿದ ಸ್ಥಳಕ್ಕೆ ಹೋಗಿ ಅಲ್ಲಿಯೇ ಸುರಿದು ಬರಬೇಕು. ಇವರ ಬಂಡಿಯ ತೊಟ್ಟಿಗಳು ಕನಿಷ್ಠಕ್ಕಿಂತ ದೊಡ್ಡವೇ ಇದ್ದವು. ಆದರೂ ಅಕ್ಕಿ ತೊಳೆದು, ಬೇಳೆ ತೊಳೆದು, ಕೈ ತೊಳೆದು, ಮನೆಯ ರೂಢಿಯಂತೆ ನಡೆದುಕೊಂಡದ್ದರಿಂದ ಮೂರನೆಯ ಸಂಜೆಗೆ ಬಳಸಿದ ನೀರಿನ ತೊಟ್ಟಿ ತುಂಬಿತು. ಸುರಿಯುವ ಸ್ಥಳ ಇರುವುದು ಮುಂದಿನ ಊರಿನಲ್ಲಿ. ಕತ್ತಲಾಗಿತ್ತು. ಯಜಮಾನರಿಗೆ ದಣಿವು.

“ಹುಲ್ಲಿಗೆ ಬಿಟ್ಟರಾಯಿತು. ಅಕ್ಕಿ ತೊಳೆದ ನೀರು, ವಿಷವೇನಲ್ಲ. ಯಾರು ನೋಡುತ್ತಾರೆ?” ಎಂದು ಅವರು ಬಂಡಿಯ ಕೆಳಗೆ ಬಗ್ಗಿ ತೂಬಿನ ತಿರುಪಿಗೆ ಕೈ ಹಾಕಿದರು.

ತಾಯಿ ಬಾಗಿಲಲ್ಲಿ ನಿಂತು ಹೇಳಿದ ಮಾತು ಇದು: “ಮುಂಜಾನೆ ಕಾಲುವೆ ಮ್ಯಾಲೆ ನಿಂತು ಯಾರನ್ನ ಬೈದ್ರಿ? ಅವರೂ ಹಿಂಗೇ ರಾತ್ರಿ ತೂಬಿಗೆ ಕೈ ಹಾಕ್ತಾರ. ಅವರೂ ಯಾರು ನೋಡ್ತಾರ ಅಂತಾರ.”

ಯಜಮಾನರು ಸಿಟ್ಟಾದರು. ಎರಡು ಕೊಡ ತೊಳೆದ ನೀರಿಗೂ ಕಾಲುವೆಯ ಕಳ್ಳತನಕ್ಕೂ ಹೋಲಿಕೆಯೇ ಎಂದರು. ತಾಯಿ ಅಲ್ಲಿಗೆ ನಿಲ್ಲಿಸಲಿಲ್ಲ. ಮೂವತ್ತೆಂಟು ವರ್ಷ ಒಳಗೇ ಇದ್ದ ಮಾತು ಹೊರಬಂತು. “ನಮ್ಮ ಹೊಲದ ಕೆಳಗೂ ಹೊಲ ಅದಾವ. ನಮ್ಮ ಪಾಳಿ ಮುಗಿದ ಮ್ಯಾಲೂ ನೀವು ರಾತ್ರಿ ಪಂಪು ಹಚ್ಚೀರಿ. ನಾ ನೋಡೀನಿ. ಆ ಮನೀ ಹೆಣ್ಣುಮಗಳು ನನ್ನ ಹತ್ರ ಬಂದು ಅತ್ತಾಳ. ಮ್ಯಾಲಿನವರು ಅಂದ್ರ ಅವರಿಗೆ ನಾವೇ.”

ಬಂಡಿಯಲ್ಲಿ ಎದ್ದುಹೋಗಲು ಇನ್ನೊಂದು ಕೋಣೆ ಇರಲಿಲ್ಲ. ಮನೆಯಾಗಿದ್ದರೆ ತಾವು ಕಟ್ಟೆಗೆ ಹೋಗುತ್ತಿದ್ದೆನೆಂದು, ತಾಯಿ ಅಡುಗೆಮನೆಗೆ ಹೋಗುತ್ತಿದ್ದರೆಂದು, ಮಾತು ಅಲ್ಲಿಗೇ ಸಾಯುತ್ತಿತ್ತೆಂದು ಯಜಮಾನರು ತಾವಾಗಿಯೇ ಹೇಳಿದರು. ಅಲ್ಲಿ ಒಂದೇ ಹಾಸಿಗೆ, ಒಂದೇ ದೀಪ, ಹೊರಗೆ ಗಾಳಿ. ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಆ ರಾತ್ರಿ ಪಾತ್ರೆಗಳನ್ನು ತೊಳೆಯದೆ ಕಾಗದದಿಂದ ಒರೆಸಿಟ್ಟು ಮಲಗಿದರು. ತಿರುಪು ಬಿಚ್ಚಲಿಲ್ಲ. ಬೆಳಿಗ್ಗೆ ಎದ್ದು ಮುಂದಿನ ಊರಾದ ಟ್ವೈಜೆಲಿಗೆ ಹೋಗಿ, ಗೊತ್ತಾದ ಜಾಗದಲ್ಲಿ ತೊಟ್ಟಿಯನ್ನು ಖಾಲಿಮಾಡಿದರು. ಪುಕಾಕಿಯ ನೀರು ಅಲ್ಲಿಂದ ಕೆಳಗೆ ಆರು ವಿದ್ಯುತ್ ಕೇಂದ್ರಗಳನ್ನು ದಾಟಿ, ವೈಟಕಿ ನದಿಯಾಗಿ ಹೊಲಗದ್ದೆಗಳಿಗೆ ಉಣಿಸಿ ಶಾಂತಸಾಗರವನ್ನು ಸೇರುತ್ತದೆ. ಕೆಳಗೆ ಯಾರೂ ಇಲ್ಲದ ನೀರು ಅಲ್ಲಿಯೂ ಇರಲಿಲ್ಲ.

ಈ ಭಾಗವನ್ನು ಕೇಳುವಾಗ ನನಗೆ ನಮ್ಮದೇ ಜಿಲ್ಲೆಯ ಇನ್ನೊಬ್ಬ ದಂಪತಿಗಳು ಕಣ್ಣಮುಂದೆ ಬಂದರು. ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಮಿಕ್ಕದ್ದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಹೇಳಿದವಳು ಲಕ್ಕಮ್ಮ. ಈ ಕಥೆಯನ್ನು ಪುರಾಣ ಪ್ರವಚನಗಳಲ್ಲಿ ನಾವು ಎಷ್ಟು ಸಲ ಕೇಳಿಲ್ಲ, ನಾನೇ ಎಷ್ಟು ಸಲ ಹೇಳಿಲ್ಲ! ಅದನ್ನು ಆಸೆಯ ನಿಗ್ರಹದ ಕಥೆಯೆಂದು ಹೇಳಿ ಮುಗಿಸುತ್ತೇವೆ. ನಾನು ಈಗ ಅದರಲ್ಲಿ ಇನ್ನೊಂದನ್ನು ಕಾಣುತ್ತಿದ್ದೇನೆ. ಗಂಡನಿಗೆ “ಇದು ನಮ್ಮ ಪಾಲಿನದಲ್ಲ” ಎಂದು ಹೆಂಡತಿ ಹೇಳಬಲ್ಲ ಮನೆ ಅದಾಗಿತ್ತು. ಹೇಳಿದ್ದನ್ನು ಕೇಳಿ ಬಂದ ದಾರಿಯಲ್ಲಿ ಮರಳುವ ಗಂಡನಿದ್ದ ಮನೆ ಅದಾಗಿತ್ತು. ನಮ್ಮ ದೊಡ್ಡ ಮನೆಗಳಲ್ಲಿ ಆ ಮಾತು ಅಡುಗೆಮನೆಯ ಹೊಸ್ತಿಲನ್ನು ದಾಟಲು ಮೂವತ್ತೆಂಟು ವರ್ಷ ಬೇಕಾಗುತ್ತದೆ.

ಮುಂದಿನ ಪ್ರವಾಸವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಲಿಂಡಿಸ್ ಕಣಿವೆಯ ಬೋಳು ಬೆಟ್ಟಗಳನ್ನು ದಾಟಿ ವನಾಕಾ ಸರೋವರದ ಬಳಿ ಎರಡು ದಿನ ತಂಗಿದರು. ಪಕ್ಕದ ಬಂಡಿಯಲ್ಲಿದ್ದ ವೃದ್ಧ ದಂಪತಿಗಳಿಗೆ ತಾಯಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ಅವರು ಒಂದು ಬುಟ್ಟಿ ಜರ್ದಾಳು ಹಣ್ಣು ಕೊಟ್ಟರು. ಭಾಷೆ ಬಾರದಿದ್ದರೂ ಉಂಡು ತೃಪ್ತರಾದದ್ದು ಇಬ್ಬರಿಗೂ ತಿಳಿಯಿತು. ಅಲ್ಲಿಂದ ಹಾಸ್ಟ್ ಕಣಿವೆಯ ದಾರಿಯಲ್ಲಿ ಪಶ್ಚಿಮ ಕರಾವಳಿಗೆ ಇಳಿದರು. ಪರ್ವತದ ಈಚೆಗೆ ಒಣಹುಲ್ಲು, ಆಚೆಗೆ ಸೂರ್ಯ ಕಾಣದ ಕಾಡು, ಬಿಡದ ಮಳೆ. ಕಡಲಿನ ಮೋಡಗಳನ್ನು ಪರ್ವತಸಾಲು ತಡೆದು ಸುರಿಸಿಕೊಳ್ಳುತ್ತದೆ. ನಮ್ಮಲ್ಲಿ ಆಗುಂಬೆಗೆ ಸುರಿದು ರಾಯಚೂರಿಗೆ ಬರಿಗೈಯಲ್ಲಿ ಬರುವ ಮೋಡಗಳ ಕಥೆಯೇ ಅದು.

ಆ ದಾರಿಯಲ್ಲಿ ಒಂದೇ ವಾಹನ ಹಿಡಿಯುವ ಸೇತುವೆಗಳು ಹಲವು. ಪ್ರತಿ ಸೇತುವೆಯ ಮುಂದೆ ಒಂದು ಫಲಕ. ಅದರಲ್ಲಿ ಒಂದು ದೊಡ್ಡ ಬಾಣ, ಒಂದು ಚಿಕ್ಕ ಕೆಂಪು ಬಾಣ. ಕೆಂಪು ಬಾಣ ಯಾರ ಕಡೆಗಿದೆಯೋ ಅವರು ನಿಂತು ಎದುರಿನವರಿಗೆ ದಾರಿ ಬಿಡಬೇಕು. ಪೊಲೀಸರಿಲ್ಲ, ದೀಪವಿಲ್ಲ. ಯಜಮಾನರು ಮೊದಲು ಫಲಕವನ್ನು ತಾವೇ ನೋಡುತ್ತಿದ್ದರು. ಮಳೆ ಹೆಚ್ಚಾದ ಮೇಲೆ ತಾಯಿ “ನಿಲ್ರಿ, ಕೆಂಪು ನಮ್ಮದು” ಎನ್ನುವರು, ಬಂಡಿ ನಿಲ್ಲುವುದು. ಎದುರಿನಿಂದ ಬಂದವರು ಕೈಯೆತ್ತಿ ವಂದಿಸಿ ಹೋಗುವರು. ಪುಕಾಕಿಯ ರಾತ್ರಿಯ ಮೌನ ಪೂರ್ಣವಾಗಿ ಕರಗಿದ್ದು ಆ ಸೇತುವೆಗಳ ಮೇಲೆಯೇ ಎಂದು ಇಬ್ಬರೂ ನಕ್ಕರು.

ಫ್ರಾಂಜ್ ಜೋಸೆಫ್ ಎಂಬ ಹಿಮನದಿಯನ್ನು ದೂರದಿಂದ ನೋಡಿದರು. ಅದು 2008ರ ಬಳಿಕ ವೇಗವಾಗಿ ಹಿಂದೆ ಸರಿದಿದೆ. ಲೋಕದ ಬಿಸಿ ಏರಿದಂತೆ ಹಿಮ ಕರಗುವುದು ಹೆಚ್ಚಿ, ಮೇಲೆ ಬೀಳುವ ಹಿಮ ಅದನ್ನು ತುಂಬಲಾರದಾಗಿದೆ. ಹಿಂದೆ ಮಂಜುಗಡ್ಡೆಯಿದ್ದ ಕಣಿವೆಯಲ್ಲಿ ಈಗ ಬರಿಯ ಕಲ್ಲುರಾಶಿ. ಇಲ್ಲಿ ಹೊಗೆಯೆಬ್ಬಿಸಿದವರು ಮೇಲಿನವರೋ ಕೆಳಗಿನವರೋ? ಅವರ ಬಂಡಿ ಸುಟ್ಟ ಎಣ್ಣೆಯೂ, ಅವರನ್ನು ಅಲ್ಲಿಗೆ ಒಯ್ದ ವಿಮಾನವೂ ಆ ಲೆಕ್ಕಕ್ಕೆ ಸೇರಿದೆ. ಇದನ್ನು ಮರೆಮಾಡಿ ಪ್ರವಾಸವನ್ನು ಹೊಗಳುವುದು ಸತ್ಯಶುದ್ಧವಾದ ಮಾತಾಗಲಾರದು. ಅಲ್ಲಿಂದ 920 ಮೀಟರ್ ಎತ್ತರದ ಆರ್ಥರ್ಸ್ ಪಾಸ್ ಕಣಿವೆಯನ್ನು ದಾಟಿ ಹನ್ನೆರಡನೆಯ ದಿನ ಮಗನ ಮನೆ ಸೇರಿದರು.

ಇದನ್ನು ಓದಿ ಯಾರಾದರೂ ಸಾಲಮಾಡಿ ಪರದೇಶಕ್ಕೆ ಹೊರಟರೆ ನನ್ನ ಬರಹ ತಪ್ಪಿತೆಂದೇ ತಿಳಿಯುತ್ತೇನೆ. ಬಯಕೆಗೆ ಹಾದಿ ಹಿಡಿಯುವ ಕ್ರಮ ಹೇಗಿರಬೇಕೆಂಬುದಕ್ಕೆ ಕೊಚ್ಚಿಯ ವಿಜಯನ್ ಮತ್ತು ಮೋಹನಾ ದಂಪತಿಗಳನ್ನು ನೋಡಬೇಕು. ಚಹಾದ ಸಣ್ಣ ಅಂಗಡಿ ನಡೆಸುತ್ತ, ದಿನದ ಗಳಿಕೆಯಲ್ಲಿ ಒಂದಿಷ್ಟನ್ನು ಪ್ರತ್ಯೇಕವಾಗಿರಿಸಿ, ಇಪ್ಪತ್ತಕ್ಕೂ ಹೆಚ್ಚು ದೇಶಗಳನ್ನು ಇಬ್ಬರೂ ಕೂಡಿ ನೋಡಿದರು. ವಿಜಯನ್ 2021ರ ನವೆಂಬರಿನಲ್ಲಿ ತೀರಿಕೊಂಡರು. ನಮ್ಮ ಮೈಸೂರಿನ ಡಿ. ಕೃಷ್ಣಕುಮಾರರು ಉದ್ಯೋಗ ಬಿಟ್ಟು, ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಹಿಂದೆ ತಾಯಿ ಚೂಡಾರತ್ನಮ್ಮನವರನ್ನು ಕುಳ್ಳಿರಿಸಿಕೊಂಡು 2018ರ ಜನವರಿಯಲ್ಲಿ ಹೊರಟು ದೇಶವನ್ನೆಲ್ಲ ತೋರಿಸಿದರು. ಅಡುಗೆಮನೆಯಾಚೆಗೆ ಲೋಕ ನೋಡದ ತಾಯಿಗೆ ಲೋಕ ತೋರಿಸಬೇಕೆಂಬುದು ಆ ಮಗನ ಸಂಕಲ್ಪ. ಗಾಲಿ ಯಾವುದಾದರೇನು, ಪಕ್ಕದಲ್ಲಿ ಯಾರನ್ನು ಕೂರಿಸಿಕೊಂಡೆವು, ಅವರ ಮಾತನ್ನು ಕೇಳಿದೆವೇ ಎಂಬುದನ್ನು ನಮ್ಮ ಗೃಹಸ್ಥರು ಯೋಚಿಸಬೇಕು.

ಇನ್ನೊಂದು ಮಾತು ನಮ್ಮ ಯಾತ್ರಿಕರಿಗೆ. ಶ್ರೀಶೈಲದ ಕಾಲುದಾರಿಯಲ್ಲಿ, ನಮ್ಮ ಜಾತ್ರೆಗಳ ಬಯಲಿನಲ್ಲಿ, ಕೃಷ್ಣಾ ತುಂಗಭದ್ರೆಯರ ದಂಡೆಯಲ್ಲಿ ನಾವು ಬಿಟ್ಟುಬರುವ ಎಲೆ, ಲೋಟ, ಪ್ಲಾಸ್ಟಿಕ್ ಚೀಲಗಳು ಯಾರ ಪಾಲಿನವು? ಮಠದ ಸೇವಕರೋ ಪಂಚಾಯತಿಯವರೋ ಎತ್ತುತ್ತಾರೆಂದು ಹೊರಡುತ್ತೇವೆ. ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂದು ಕಲಿತ ನಾವು, ಎಲೆಯನ್ನು ಬಯಲಿನಲ್ಲಿ ಬಿಡಬಾರದೆಂದು ಕಲಿಯದೆ ಹೋದೆವು. ತನ್ನ ಹೊಲಸನ್ನು ತಾನೇ ಹೊತ್ತು ಗೊತ್ತಾದ ಜಾಗಕ್ಕೆ ಮುಟ್ಟಿಸುವುದು ಒಂದು ಕಾಯಕ. ಈ ವರ್ಷ ಪಾದಯಾತ್ರೆಗೆ ಹೊರಡುವ ಪ್ರತಿ ತಂಡವೂ ಬುತ್ತಿಯ ಚೀಲದೊಡನೆ ಒಂದು ಬರಿಯ ಚೀಲವನ್ನೂ ಒಯ್ಯಲಿ, ಅದನ್ನು ತುಂಬಿಕೊಂಡು ಮರಳಿ ತರಲಿ.

ಹೊರಡುವ ಮುನ್ನ ಯಜಮಾನರನ್ನು ಒಂದು ಮಾತು ಕೇಳಿದೆ: “ಪಂಪು ಏನಾಯಿತು?” ಅವರು ತಾಯಿಯವರ ಮುಖ ನೋಡಿದರು. ಊರಿಗೆ ಬಂದ ವಾರದಲ್ಲಿ ಅದನ್ನು ಕಾಲುವೆಯಿಂದ ಎತ್ತಿ ಮನೆಯ ಹಿತ್ತಲಿನಲ್ಲಿ ಇಟ್ಟಿದ್ದಾರಂತೆ. ಅರ್ಧ ಹೊಲಕ್ಕೆ ಈ ಸಲ ಭತ್ತವಿಲ್ಲ, ಜೋಳ. ಗಳಿಕೆ ಕಡಿಮೆಯಾಗುವುದು ನಿಶ್ಚಯ; ಅದನ್ನು ಅವರು ಮುಚ್ಚಿಡಲಿಲ್ಲ. ಮೇಲಿನವರು ತಮ್ಮ ಪಂಪುಗಳನ್ನು ಎತ್ತಿಲ್ಲ ಎಂಬುದನ್ನೂ, ಹಾಗಿರುವಾಗ ತಾವೊಬ್ಬರೇ ಎತ್ತಿದ್ದಕ್ಕೆ ಗೆಳೆಯರು ನಗುತ್ತಿದ್ದಾರೆಂಬುದನ್ನೂ ಹೇಳಿದರು. ಪಾಳಿ ಮುಗಿಯುವ ಹೊತ್ತಿಗೆ ತೂಬು ಮುಚ್ಚಲು ರಾತ್ರಿ ಇಬ್ಬರೂ ಟಾರ್ಚು ಹಿಡಿದು ಹೋಗುತ್ತಾರೆ.

“ಮುಂದ ಯಾರು ನಡೀತೀರಿ?” ಎಂದು ನಾನು ವಿನೋದಕ್ಕೆ ಕೇಳಿದೆ.

“ಬದುವು ಅಗಲ ಇದ್ದಲ್ಲಿ ಜೋಡೀಲೆ” ಎಂದರು ತಾಯಿ. “ಸಣ್ಣದಾದಲ್ಲಿ ನಾ ಮುಂದ. ಟಾರ್ಚು ನನ್ನ ಕೈಯಾಗ ಇರತೈತಿ.”